ಎರಡನೇ ಮೆಟ್ಟಿಲಲ್ಲಿ ನಿಂತ ಮಿಂಚುಳ್ಳಿ

ಗ್ಯಾಸ್ ಪುಸ್ತಕ ಹುಡುಕಲು ಹೋಗಿ ಟ್ರಂಕಿನ ತಳದಲ್ಲಿ ಒಂದು ಹಾಜರಿ ಪುಸ್ತಕ ಸಿಕ್ಕಿತು. ಚಿಕ್ಕಬಳ್ಳಾಪುರದಲ್ಲಿ ಇಪ್ಪತ್ತು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುವವಳ ಮನೆಯಲ್ಲಿ ಹಾಜರಿ ಪುಸ್ತಕ ಸಿಗುವುದೇನು ದೊಡ್ಡ ವಿಷಯ ಎನ್ನುತ್ತೀರಿ. ನಿಜವೇ. ಆದರೆ ಈ ಪುಸ್ತಕದಲ್ಲಿದ್ದದ್ದು ಮೂರೇ ಹೆಸರು: ಗಜಸಿಂಹ, ಜ್ವಾಲಾನಂದ, ಮಿಂಚುಳ್ಳಿ. ಪ್ರತಿ ಭಾನುವಾರಕ್ಕೂ ಸ್ಕೇಲಿಟ್ಟು ಒಂದು ಮನೆ ಎಳೆದಿದ್ದೆ. ಬಂದವರಿಗೆ ನೀಲಿ ಶಾಯಿಯಲ್ಲಿ ಹಾಜರಿ, ಬಾರದವರಿಗೆ ಕೆಂಪು ಶಾಯಿಯಲ್ಲಿ ಗೈರು. ಮಿಂಚುಳ್ಳಿಯ ಸಾಲಿನ ತುಂಬ ಕೆಂಪು. ನಾನು ಗ್ಯಾಸಿನ ವಿಷಯ ಮರೆತು ನೆಲದ ಮೇಲೆ ಕೂತೇಬಿಟ್ಟೆ. ಹಾಲಿನಿಂದ ನಮ್ಮ ಮನೆಯವರು “ಸಿಕ್ತಾ?” ಅಂದರು. “ಸಿಕ್ತು” ಅಂದೆ. ಸಿಕ್ಕಿದ್ದು ಬೇರೆಯದು ಎಂದು ಅವರಿಗೆ ತಿಳಿದದ್ದು ಅರ್ಧ ಗಂಟೆಯ ಮೇಲೆ.

ಈ ಮೂವರೂ ನನ್ನ ವಿದ್ಯಾರ್ಥಿಗಳಲ್ಲ. ಭಾನುವಾರ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ನಮ್ಮ ಊಟದ ಮೇಜಿನ ಸುತ್ತ ಬದುಕುವವರು. ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಒಬ್ಬರು ಕಥೆ ಹೇಳಬೇಕು, ಉಳಿದವರು ಅದರೊಳಗಿನ ಪಾತ್ರಗಳಾಗಬೇಕು. “ನಿಮ್ಮ ಮುಂದೆ ಒಂದು ಹಾಳು ಕೋಟೆ, ಬಾಗಿಲು ಮುಚ್ಚಿದೆ, ಏನು ಮಾಡ್ತೀರಿ?” ಎಂದು ನಾನು ಕೇಳುತ್ತೇನೆ. ಒಬ್ಬ ಒದೆಯುತ್ತೇನೆ ಎನ್ನುತ್ತಾನೆ, ಇನ್ನೊಬ್ಬ ಮಂತ್ರ ಹಾಕುತ್ತೇನೆ ಎನ್ನುತ್ತಾನೆ. ಆಗುತ್ತದೋ ಇಲ್ಲವೋ ಎನ್ನುವುದನ್ನು ಇಪ್ಪತ್ತು ಮುಖದ ಒಂದು ದಾಳ ಹೇಳುತ್ತದೆ, ದೊಡ್ಡ ಅಂಕಿ ಬಿದ್ದಷ್ಟೂ ಏಟು ಗಟ್ಟಿ. ಸಾಹಸ ಮಾಡಿದಷ್ಟೂ ಪಾತ್ರಕ್ಕೆ ಬಲ ಹೆಚ್ಚುತ್ತದೆ, ಅದು ಒಂದೊಂದೇ ಮೆಟ್ಟಿಲು ಏರುತ್ತದೆ. ಆಟದ ನಿಯಮಗಳ ದಪ್ಪ ಪುಸ್ತಕದಲ್ಲಿ ಅದಕ್ಕೆ ಲೆವೆಲ್ ಎಂದು ಹೆಸರು, ನಮ್ಮ ಮನೆಯಲ್ಲಿ ಮೆಟ್ಟಿಲು. ಗೆಲ್ಲುವುದು ಸೋಲುವುದು ಎಂದು ಇಲ್ಲಿ ಕೊನೆ ಇಲ್ಲ. ನಲವತ್ತೈದು ದಾಟಿದವರು ಆಡುವುದಕ್ಕೆ ಇದಕ್ಕಿಂತ ಒಳ್ಳೆಯ ಆಟ ನಾನು ನೋಡಿಲ್ಲ. ಮಂಡಿ ನೋಯುವುದಿಲ್ಲ, ಪಕ್ಕದಲ್ಲಿ ಚಕ್ಕುಲಿ ಇಟ್ಟುಕೊಳ್ಳಬಹುದು.

ಗಜಸಿಂಹ ಎಂದರೆ ನನ್ನ ಚಿಕ್ಕಪ್ಪನ ಮಗ ಶ್ರೀನಾಥ. ಗೌರಿಬಿದನೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ವಾರದಲ್ಲಿ ಆರು ದಿನ ಯಾರಾದರೂ ಜೋರಾಗಿ ಮಾತಾಡಿದರೆ ಎದ್ದು ನಿಲ್ಲುವ ಸ್ವಭಾವ. ಭಾನುವಾರ ಬಸ್ಸಿಳಿದು ನಮ್ಮ ಮನೆ ಹೊಸಿಲು ದಾಟಿದನೆಂದರೆ ಎರಡು ಕೈಯ ಕೊಡಲಿ ಹಿಡಿದು ರಾಕ್ಷಸರನ್ನು ಸೀಳುತ್ತಾನೆ. ಜ್ವಾಲಾನಂದ ಎಂದರೆ ನಮ್ಮ ಮಹಡಿ ಮನೆಯ ಬಾಡಿಗೆದಾರ ಗೌತಮ್, ಇಲ್ಲಿಯೇ ಕೋರ್ಟಿನಲ್ಲಿ ವಕೀಲ. ಆಟವನ್ನು ನಮಗೆ ಕಲಿಸಿದವನೂ ಅವನೇ. ಲಾ ಓದುವಾಗ ಹಾಸ್ಟೆಲಿನಲ್ಲಿ ಹತ್ತಿದ ಹುಚ್ಚಂತೆ. ಅವರದು ಬೌದ್ಧರ ಮನೆ. ಮೊದಲ ದಿನವೇ ಅವನು ತನ್ನ ಮಂತ್ರವಾದಿ ಯಾರನ್ನೂ ಕೊಲ್ಲುವುದಿಲ್ಲ ಎಂದು ಘೋಷಿಸಿದ. ಹಾಗಾದರೆ ಬೆಂಕಿಯ ಮಂತ್ರ ಯಾಕಪ್ಪ ಎಂದು ಕೇಳಿದ್ದಕ್ಕೆ “ಹೆದ್ರಿಸೋಕೆ ಟೀಚರ್, ನೋಟೀಸ್ ಕೊಟ್ಟ ಹಾಗೆ” ಅಂದ.

ಮಿಂಚುಳ್ಳಿ ಎಂದರೆ ನಸ್ರೀನ್. ಅವಳ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ, ಶಿಡ್ಲಘಟ್ಟದ ಹೈಸ್ಕೂಲಿನ ಎರಡನೇ ಬೆಂಚಿನ ತನಕ.

ನಾನು ದಿಬ್ಬೂರಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ, ಅವಳು ಮಾರ್ಕೆಟ್ಟಿನ ಹಿಂದಿನ ಓಣಿಯಿಂದ ನಡೆದು. ಆಗ ಯೂನಿಫಾರಂ ಹೊಲಿಸುವಾಗ ಅಳತೆ ತೆಗೆದುಕೊಳ್ಳುತ್ತಿದ್ದದ್ದು ಇರುವ ಮಕ್ಕಳದ್ದಲ್ಲ, ಮೂರು ವರ್ಷದ ಮೇಲೆ ಆಗಲಿರುವ ಮಕ್ಕಳದ್ದು. “ಬೆಳೆಯೋ ಹುಡ್ಗಿ, ವಸಿ ಲೂಸಾಗೇ ಇಡಪ್ಪ” ಎಂದು ಅಮ್ಮ ಟೈಲರನಿಗೆ ಹೇಳುವಳು. ಲಂಗದ ಅಂಚನ್ನು ಮೂರು ಮಡಿಕೆ ಒಳಗೆ ಮಡಿಸಿ ಹೊಲಿಯುವುದು, ಪ್ರತಿ ಜೂನ್‌ನಲ್ಲಿ ಒಂದು ಮಡಿಕೆ ಬಿಚ್ಚುವುದು. ಬಿಚ್ಚಿದ ಕಡೆ ಬಣ್ಣ ಮಾಸದೆ ಕಡುನೀಲಿ ಪಟ್ಟಿ ಉಳಿಯುತ್ತಿತ್ತು. ಪಟ್ಟಿ ಎಣಿಸಿದರೆ ಹುಡುಗಿ ಎಷ್ಟನೇ ಕ್ಲಾಸು ಎಂದು ಹೇಳಬಹುದಿತ್ತು. ಈಗ ಯೋಚಿಸಿದರೆ ಮೆಟ್ಟಿಲು ಎಂದರೇನು ಎಂದು ನನಗೆ ಮೊದಲು ಕಲಿಸಿದವನು ಆ ಟೈಲರ್.

ನಸ್ರೀನ್‌ದೂ ನನ್ನದೂ ಒಂದೇ ಎತ್ತರ, ಪ್ರಾರ್ಥನೆಯ ಸಾಲಿನಲ್ಲಿ ಅಕ್ಕಪಕ್ಕ. ಸಾಲು ನಿಲ್ಲಿಸುತ್ತಿದ್ದದ್ದು ಎತ್ತರದ ಪ್ರಕಾರ. ಬೇಸಿಗೆ ರಜೆ ಮುಗಿಸಿ ಒಂಬತ್ತನೇ ಕ್ಲಾಸಿಗೆ ಬಂದು ನೋಡಿದರೆ ಅವಳು ನನಗಿಂತ ಒಂದು ಗೇಣು ಮೇಲೆ! ನನ್ನ ಲಂಗದ ಮಡಿಕೆ ಬಿಚ್ಚುವ ಪ್ರಸಂಗವೇ ಬಂದಿರಲಿಲ್ಲ. ಆ ಲೆಕ್ಕದಲ್ಲಿ ಅವಳು ಹಿಂದಿನ ಸಾಲಿಗೆ ಹೋಗಬೇಕಿತ್ತು. ಹೋಗಲಿಲ್ಲ. ಮಂಡಿ ಬಗ್ಗಿಸಿಕೊಂಡು ನನ್ನ ಪಕ್ಕದಲ್ಲೇ ನಿಂತಳು. ಡ್ರಿಲ್ ಮೇಷ್ಟ್ರು “ಯಾಕಮ್ಮ ಹಾಗೆ ಕುಕ್ಕರಿಸ್ದಂಗೆ ನಿಂತಿದೀಯ?” ಎಂದು ಕೇಳಿದರೆ “ಕಾಲು ನೋವು ಸಾರ್” ಅನ್ನುವಳು. ಆ ನೋವು ಇಡೀ ವರ್ಷ ವಾಸಿಯಾಗಲಿಲ್ಲ.

ಅಂಥವಳನ್ನು ನಾನು ಮೂವತ್ತು ವರ್ಷದ ಮೇಲೆ ಈ ಆಟಕ್ಕೆ ಎಳೆದುಕೊಂಡು ಬಂದೆ. ಉಳಿದಿಬ್ಬರು ಆಡತೊಡಗಿ ಆಗಲೇ ವರ್ಷ ದಾಟಿತ್ತು. ಅವಳು ಆರಿಸಿಕೊಂಡದ್ದು ಬೀಗ ತೆಗೆಯುವ, ನೆರಳಲ್ಲಿ ಅಡಗುವ ಸಣ್ಣ ಕಳ್ಳಿಯೊಬ್ಬಳ ಪಾತ್ರ. ಹೆಸರು ಮಿಂಚುಳ್ಳಿ ಎಂದು ತಾನೇ ಇಟ್ಟಳು.

ಇನ್ನು ನನ್ನ ಗಣಿತದ ಜಂಬ ಕೇಳಿ. ಈ ಆಟದಲ್ಲಿ ಒಂದು ಹಳೆಯ ರೋಗವಿದೆ. ಹೊಡೆದಾಡುವವನು ಕೂಡುವ ಲೆಕ್ಕದಲ್ಲಿ ಬೆಳೆಯುತ್ತಾನೆ, ಮಂತ್ರವಾದಿ ಗುಣಿಸುವ ಲೆಕ್ಕದಲ್ಲಿ. ಮೊದಲ ಮೆಟ್ಟಿಲಲ್ಲಿ ನಮ್ಮ ಜ್ವಾಲಾನಂದನಿಗೆ ದಿನಕ್ಕೆ ಒಂದೇ ಮಂತ್ರ, ಅದೂ ದೀಪ ಹಚ್ಚುವುದು. ನಗರಗೆರೆಯ ಕೆರೆ ಏರಿಯ ಮೇಲೆ ಒಂದು ಹುಂಜ ಕುಕ್ಕಿದ್ದಕ್ಕೆ ಪ್ರಜ್ಞೆ ತಪ್ಪಿ ಬಿದ್ದ. (ನನ್ನ ಕಥೆಯ ಕೋಟೆ, ಗುಹೆ, ರಾಕ್ಷಸರೆಲ್ಲ ನಮ್ಮ ಸುತ್ತಮುತ್ತಲೇ ಇರುತ್ತಾರೆ, ಕಾಣದ ದೇಶವನ್ನು ವರ್ಣಿಸುವ ಶಕ್ತಿ ನನಗಿಲ್ಲ.) ಗಜಸಿಂಹ ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದಿದ್ದ. ಆರನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ಅದೇ ಜ್ವಾಲಾನಂದ ಕೈ ಎತ್ತಿದರೆ ಕೋಟೆ ಉದ್ದಕ್ಕೂ ಬೆಂಕಿಯ ಗೋಡೆ ಎದ್ದಿತು. ಶತ್ರುಗಳು ನೋಟೀಸ್ ಸಿಕ್ಕವರ ಹಾಗೆ ಓಡಿಹೋದರು. ಶ್ರೀನಾಥ ತನ್ನ ಕೊಡಲಿಯನ್ನು ನೋಡಿಕೊಂಡು “ಅಕ್ಕಾ, ಇದ್ರಲ್ಲಿ ಸೌದೆನಾದ್ರೂ ಸೀಳ್ಲಾ?” ಅಂದ.

ಪಾಪ ಅನ್ನಿಸಿತು. ಶಾಲೆಯಿಂದ ಗ್ರಾಫ್ ಶೀಟು ತಂದು ಇಬ್ಬರ ಬಲವನ್ನೂ ಎರಡು ಬಣ್ಣದಲ್ಲಿ ಎಳೆದೆ. ದೊಡ್ಡ ಮಂತ್ರ ಹಾಕಿದರೆ ಮಾರನೆಯ ದಿನ ಹಾಸಿಗೆ ಬಿಟ್ಟು ಏಳುವಂತಿಲ್ಲ ಎಂದು ಒಬ್ಬನಿಗೆ ಕಟ್ಟು ಹಾಕಿದೆ. ಇನ್ನೊಬ್ಬನಿಗೆ ಒಂದು ಏಟಿನ ಜಾಗದಲ್ಲಿ ಎರಡು ಏಟು ಕೊಟ್ಟೆ. ಎರಡು ಗೆರೆಗಳೂ ಜೋಡೆತ್ತಿನ ಹಾಗೆ ಅಕ್ಕಪಕ್ಕ ನಡೆದವು. ಅದನ್ನು ನಮ್ಮ ಮನೆಯವರಿಗೆ ತೋರಿಸಿ ಹೊಗಳಿಸಿಕೊಂಡೆ. ಅದೇ ಹಾಳೆಯ ಕೆಳಗಡೆ ಮೂರನೆಯದೊಂದು ಗೆರೆ ನೆಲ ಕಚ್ಚಿಕೊಂಡು ಮಲಗಿತ್ತು. ಅದರ ಕಡೆ ನಾನು ನೋಡಲೇ ಇಲ್ಲ.

ಏಕೆಂದರೆ ಮಿಂಚುಳ್ಳಿ ಬರುತ್ತಿರಲಿಲ್ಲ. ಶಿಡ್ಲಘಟ್ಟದಲ್ಲಿ ನಸ್ರೀನಳ ಮನೆಯವರದು ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಶೆಡ್ಡು. ಅವಳ ಅಣ್ಣ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡರು. ಬೆಳಗ್ಗೆ ಮಾರ್ಕೆಟ್ಟಿಗೆ ಹೋಗಿ ಗೂಡು ಆರಿಸುವುದರಿಂದ ಹಿಡಿದು ಒಲೆ ಆರಿಸುವವರೆಗೆ ಎಲ್ಲ ಇವಳ ತಲೆಗೆ ಬಂತು. ಭಾನುವಾರವೂ ಬಿಡುವಿಲ್ಲ. ಆಗಾಗ ಫೋನಿನಲ್ಲಿ “ಮಿಂಚುಳ್ಳಿ ಹೇಗಿದಾಳೆ?” ಎಂದು ಮೆಸೇಜು ಬರುತ್ತಿತ್ತು. “ಛತ್ರದಲ್ಲಿ ಆರಾಮಾಗಿದಾಳೆ” ಎಂದು ಉತ್ತರ ಕೊಡುತ್ತಿದ್ದೆ. ಉತ್ತರ ಕೊಟ್ಟು ಕೆಂಪು ಶಾಯಿಯಲ್ಲಿ ಗೈರು ಹಾಕುತ್ತಿದ್ದೆ. ಪಾತ್ರಗಳಿಗೆ ಬಲ ಹಂಚುವುದಕ್ಕೆ ಆ ದಪ್ಪ ಪುಸ್ತಕದಲ್ಲಿ ನಾಲ್ಕಾರು ದಾರಿ ಹೇಳಿದ್ದಾರೆ. ಮೇಷ್ಟ್ರಗಿರಿ ಮಾಡಿದವಳಿಗೆ ಹೊಳೆಯುವುದು ಒಂದೇ ದಾರಿ. ಹಾಜರಿ ಇದ್ದವರಿಗೆ ಅಂಕ, ಇಲ್ಲದವರಿಗೆ ಇಲ್ಲ. ಪಕ್ಷಪಾತ ಮಾಡದ ಟೀಚರ್ ಎಂದು ನನಗೆ ನಾನೇ ಶಹಬ್ಬಾಸ್‌ಗಿರಿ ಕೊಟ್ಟುಕೊಂಡಿದ್ದೆ.

ಐದು ತಿಂಗಳ ಮೇಲೆ, ಅಣ್ಣ ಮತ್ತೆ ಓಡಾಡುವಂತಾದಾಗ, ಒಂದು ಭಾನುವಾರ ನಸ್ರೀನ್ ಬಂದಳು. ಕೈಯಲ್ಲಿ ಹುರಿದ ಕಡಲೆಕಾಯಿ ಪೊಟ್ಟಣ, ಮುಖದ ತುಂಬ ನಗು. ಗಂಡಸರಿಬ್ಬರೂ ಏಳನೇ ಮೆಟ್ಟಿಲಲ್ಲಿದ್ದರು. ಮಿಂಚುಳ್ಳಿ ಎರಡರಲ್ಲೇ. ಆ ದಿನ ನಾನು ಅಣಿ ಮಾಡಿಕೊಂಡಿದ್ದ ಮೃಗ ಎಂಥದೆಂದರೆ ಅದು ಸೀನಿದರೂ ಮಿಂಚುಳ್ಳಿ ಸಾಯುತ್ತಿದ್ದಳು. ಶ್ರೀನಾಥ ಒಳ್ಳೆಯ ಮನಸ್ಸಿನಿಂದಲೇ “ನಸ್ರೀನಕ್ಕ, ನೀವು ಆ ಕಂಬದ ಹಿಂದೆ ನಿಂತ್ಕೊಂಡ್ಬಿಡಿ, ನಾವು ನೋಡ್ಕೋತೀವಿ” ಅಂದ. ಅವಳು ನಿಂತಳು. ಹತ್ತರಿಂದ ಎರಡರವರೆಗೆ ಕಂಬದ ಹಿಂದೆ ನಿಂತೇ ಇದ್ದಳು. ಕಡಲೆಕಾಯಿ ಸಿಪ್ಪೆಯನ್ನು ಮೇಜಿನ ಮೇಲೆ ಉದ್ದಕ್ಕೆ ಸಾಲಾಗಿ ಜೋಡಿಸಿದಳು.

ಮುಂದಿನ ವಾರ ನಾನು ಮಿಂಚುಳ್ಳಿಗೆ ಒಂದು ಕತ್ತಿ ಸಿಗುವ ಹಾಗೆ ಮಾಡಿದೆ. ಎಂಥ ಕತ್ತಿ ಅಂತೀರಿ! ಒಂದು ಸಲ ಬೀಸಿದರೆ ಒಂದು ದಂಡೇ ಮಲಗುತ್ತಿತ್ತು. ಈಗ ಕಂಬದ ಹಿಂದೆ ನಿಲ್ಲುವ ಸರದಿ ಉಳಿದಿಬ್ಬರದು. ಗೌತಮ್ ಎರಡು ತಟ್ಟೆ ಚಕ್ಕುಲಿ ಮುಗಿಸಿ “ಟೀಚರ್, ಈ ಕತ್ತಿ ಮೇಲೆ ಸ್ಟೇ ತರಬಹುದಾ?” ಎಂದು ಕೇಳಿದ. ನಸ್ರೀನ್ ಮಾತ್ರ ನಗಲಿಲ್ಲ. “ಗೆದ್ದಿದ್ದು ಕತ್ತಿ ಕಣೇ, ನಾನಲ್ಲ” ಅಂದಳು.

ಮೂರನೆಯ ವಾರ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಕತ್ತಿಯನ್ನು ಮೊಸಳೆ ನುಂಗುವಂತೆ ಮಾಡಿದೆ. ಅದು ಸರಿ. ಕಥೆ ಹೇಳುವವರು ತಮ್ಮ ದಾಳವನ್ನು ಮರೆಯಲ್ಲಿ ಉರುಳಿಸುವ ವಾಡಿಕೆಯಿದೆ. ನಾನು ಹಳೆಯ ಕ್ಯಾಲೆಂಡರಿನ ರಟ್ಟನ್ನು ಮಡಿಸಿ ಮುಂದೆ ನಿಲ್ಲಿಸಿಕೊಳ್ಳುತ್ತಿದ್ದೆ. ಆ ದಿನ ಒಬ್ಬ ರಾಕ್ಷಸ ಮಿಂಚುಳ್ಳಿಯ ಮೇಲೆ ಗದೆ ಎತ್ತಿದ. ದಾಳ ಹತ್ತೊಂಬತ್ತು ಬಿತ್ತು. ಹತ್ತೊಂಬತ್ತು ಎಂದರೆ ಚಟ್ನಿ. ನಾನು “ಎರಡು” ಅಂದೆ.

“ಎಷ್ಟು ಬಿತ್ತು ವಿಮಲಾ?” ಅಂದಳು ನಸ್ರೀನ್.

“ಹೇಳಿದ್ನಲ್ಲ. ಎರಡು.”

“ಮತ್ತೆ ಕನ್ನಡಕ ಯಾಕೆ ಮೇಲೆ ತಳ್ಕೊಂಡೆ? ಹೋಮ್‌ವರ್ಕ್ ಮಾಡಿದೀನಿ ಅಂತ ಸುಳ್ಳು ಹೇಳೋವಾಗ್ಲೂ ಹಿಂಗೇ ತಳ್ಕೊಳ್ತಿದ್ದೆ.” ಅವಳು ಎದ್ದು ಬಂದು ರಟ್ಟಿನ ಈಚೆ ಬಗ್ಗಿ ನೋಡಿದಳು. ದಾಳ ಹತ್ತೊಂಬತ್ತು ತೋರಿಸುತ್ತಾ ಕೂತಿತ್ತು.

ನಸ್ರೀನ್ ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದಳು. “ಸಣ್ಣ ಮಕ್ಳನ್ನ ಆಟಕ್ಕೆ ಸೇರಿಸ್ಕೊಳ್ತೀವಲ್ಲ, ಮುಟ್ಟಿದ್ರೂ ಔಟಿಲ್ಲ ಅಂತ, ಹಂಗೆ ಮಾಡ್ತಿದೀಯ ನನ್ನ. ಐದು ತಿಂಗ್ಳು ಶೆಡ್ಡು ಒಬ್ಳೇ ನಡೆಸಿದೀನಿ. ಅಲ್ಲಿ ಯಾರೂ ನನಗೆ ಬಿಟ್ಟುಕೊಟ್ಟಿಲ್ಲ. ಇಲ್ಲಿ ಬಂದು ಸುಳ್ಳು ಸುಳ್ಳೇ ಗೆಲ್ಬೇಕಾ? ಮುಂದಿನ ವಾರದಿಂದ ಬರಲ್ಲ ಕಣೇ. ಬೇಜಾರು ಮಾಡ್ಕೋಬೇಡ.”

ಬೇಜಾರಾಯಿತು. ಸ್ಕೂಲು ಮುಗಿದ ಮೇಲೆ ಮದುವೆ, ಮಕ್ಕಳು, ಕೆಲಸ ಎಂದು ನಾವಿಬ್ಬರೂ ವರ್ಷಕ್ಕೊಮ್ಮೆ ಹಬ್ಬದಲ್ಲಿ ಮುಖ ನೋಡುವವರಾಗಿಬಿಟ್ಟಿದ್ದೆವು. ಈ ಆಟದ ನೆಪದಲ್ಲಿ ಅವಳು ನನಗೆ ವಾರಕ್ಕೊಂದು ಸಲ ವಾಪಸ್ಸು ಸಿಕ್ಕಿದ್ದಳು. ಈ ಸಲ ಬಿಟ್ಟುಕೊಂಡರೆ ಮತ್ತೆ ಹಬ್ಬದ ಲೆಕ್ಕಕ್ಕೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಮುಂದಿನ ಭಾನುವಾರ ಆಟಕ್ಕೆ ರಜೆ ಕೊಟ್ಟು ದಿಬ್ಬೂರಹಳ್ಳಿಗೆ ಹೋದೆ. ಅಮ್ಮ ತಮ್ಮನ ಮನೆಯಲ್ಲಿದ್ದಾಳೆ. ಇದ್ದಾಳೆ ಎನ್ನುವುದಕ್ಕಿಂತ ಆ ಮನೆಯನ್ನು ಆಳುತ್ತಾಳೆ ಎನ್ನಬೇಕು, ಮುಖ್ಯವಾಗಿ ಹುಳದ ಮನೆಯನ್ನು. ನಾವು ಸಣ್ಣವರಿದ್ದಾಗ ರೇಷ್ಮೆ ಹುಳ ಒಳಮನೆಯಲ್ಲಿ ಬೆಳೆಯುತ್ತಿತ್ತು, ನಾವು ಜಗಲಿಯಲ್ಲಿ. ಹುಳ ಇರುವಷ್ಟು ದಿನ ಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆಯಿಲ್ಲ, ಊದುಬತ್ತಿಯಿಲ್ಲ, ಕಾಲು ತೊಳೆಯದೆ ಯಾರಿಗೂ ಒಳಗೆ ಪ್ರವೇಶವಿಲ್ಲ. ನನಗೂ ತಮ್ಮನಿಗೂ ನೆಗಡಿಯಾದರೆ ಅಮ್ಮ ಶುಂಠಿ ಕಷಾಯ ಕೊಟ್ಟು ಸುಮ್ಮನಾಗುವಳು. ಹುಳ ಸ್ವಲ್ಪ ಸಪ್ಪಗಾದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಈಗ ಹುಳಕ್ಕೆ ತೋಟದಲ್ಲಿ ಬೇರೆ ಕಟ್ಟಡವಿದೆ, ಕಾನೂನು ಮಾತ್ರ ಅದೇ.

ನಾನು ಹೋದ ಹೊತ್ತಿಗೆ ಹುಳಗಳು ಪೊರೆ ಬಿಡುತ್ತಿದ್ದವು. ಗೂಡು ಕಟ್ಟುವುದಕ್ಕೆ ಮುಂಚೆ ನಾಲ್ಕು ಸಲ ಅವು ಮೇವು ಬಿಟ್ಟು, ತಲೆ ಎತ್ತಿ, ಒಂದು ದಿನಕ್ಕೂ ಹೆಚ್ಚು ಹೊತ್ತು ಅಲುಗಾಡದೆ ಮಲಗುತ್ತವೆ. ಹಳೆಯ ಚರ್ಮ ಕಳಚಿ ಎದ್ದಾಗ ಒಂದು ಮೆಟ್ಟಿಲು ದೊಡ್ಡದಾಗಿರುತ್ತವೆ. ತಮ್ಮ ಸೊಪ್ಪಿನ ಹೊರೆ ಹೊತ್ತು ಬಂದು “ಮುಕ್ಕಾಲು ಭಾಗ ಎದ್ದವೆ ಕಣಮ್ಮ, ಹಸ್ಕೊಂಡು ಓಡಾಡ್ತಾವೆ, ಹಾಕ್ಬಿಡ್ಲಾ?” ಅಂದ.

ಅಮ್ಮ ಬಾಗಿಲಿಗೆ ಅಡ್ಡ ನಿಂತಳು. “ಸಾಕು ಸಾಕು, ಇಳಿಸು ಹೊರೆನ. ಮಿಕ್ಕಿದ್ದು ಇನ್ನೂ ಮಲಗವೆ, ಕಾಣಲ್ವಾ? ಈಗ ಸೊಪ್ಪು ಹಾಕಿದ್ರೆ ಎದ್ದಿರೋವು ತಿಂದು ತಿಂದು ಕೊಬ್ತಾವೆ, ಮಲಗಿರೋವು ಸೊಪ್ಪಿನ ಅಡೀಲಿ ಹೂತೋಗ್ತಾವೆ. ಆಮೇಲೆ ಒಂದು ಹೆಬ್ಬೆಟ್ಟು ಗಾತ್ರ, ಒಂದು ಕಡ್ಡಿ ಗಾತ್ರ. ಎದ್ದಿರೋವಕ್ಕೆ ಏನಾಗಲ್ಲ, ತಡ್ಕೊಳ್ತಾವೆ. ಎಲ್ಲ ಏಳ್ಲಿ, ಒಟ್ಗೆ ಹಾಕಣ.”

ನಾನು ಇದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ನನಗೆ ಹೊಸದೇನೂ ಅಲ್ಲ. ನಸ್ರೀನ್ ಆಟಕ್ಕೆ ಬರುವುದಿಲ್ಲ ಎಂದದ್ದನ್ನು ಬಂದ ಕೂಡಲೇ ಹೇಳಿದ್ದೆ. ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ ಅಮ್ಮ “ನಸ್ರೀನ ಯಾಕೆ ಬರಲ್ಲ ಅಂದ್ಳು?” ಎಂದು ಕೇಳಿದಳು. ಎಲ್ಲ ಹೇಳಿದೆ, ಹಾಜರಿ ಪುಸ್ತಕದ ಸಮೇತ. ಅಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಅವಳು ಬರೋಗಂಟ ನೀವು ಕಾಯ್ಲಿಲ್ವಾ?” ಅಂದಳು. ಅಷ್ಟೇ.

ಪ್ರಾರ್ಥನೆಯ ಸಾಲು ಕಣ್ಣ ಮುಂದೆ ಬಂತು. ಒಂದು ವರ್ಷ ಮಂಡಿ ಬಗ್ಗಿಸಿ ನಿಂತವಳಿಗೆ ನಾನು ಐದು ತಿಂಗಳು ಕೆಂಪು ಶಾಯಿ ಬಳಿದಿದ್ದೆ. ನಾಚಿಕೆಯಾಯಿತು. ಅವರೆಕಾಯಿ ಸೊಗಡು ಕೈಗೆ ಹತ್ತಿತ್ತು, ಅದೇ ಕೈಯಲ್ಲಿ ಶ್ರೀನಾಥನಿಗೆ ಫೋನು ಮಾಡಿದೆ.

“ಎರಡಕ್ಕೆ ಇಳೀಬೇಕಾ?” ಅವಳಿಗಾಗಿ ಕಾಯಬೇಕು ಎಂದದ್ದು ಗೌರಿಬಿದನೂರಿನಲ್ಲಿ ಅವನಿಗೆ ಹಾಗೆ ಕೇಳಿಸಿತ್ತು. “ಅಕ್ಕಾ, ಎರಡು ವರ್ಷದಿಂದ ಸಾಕಿದೀನಿ ಗಜಸಿಂಹನ್ನ. ಆಫೀಸಲ್ಲಿ ಬೈಸ್ಕೊಂಡ ದಿನ ಅವನನ್ನ ನೆನೆಸ್ಕೊಂಡೇ ಊಟ ಮಾಡಿದೀನಿ.”

“ಇಳಿಯೋದು ಬೇಡ ಕಣೋ. ಮಲಗು. ಅವಳು ಮೇಲೆ ಬರೋವರ್ಗೂ ನೀವಿಬ್ರೂ ಮಲಗಿರ್ಬೇಕು.”

“ಮಲಗಿದ್ರೆ ಮಾತಾಡ್ಬೋದಾ?”

“ಇಲ್ಲ.”

“ಚಕ್ಕುಲಿ?”

“ತಿನ್ಬೋದು.”

“ಸರಿ ಬಿಡಕ್ಕ” ಅಂದ. ಗೌತಮ್ ಇನ್ನೂ ಸುಲಭವಾಗಿ ಒಪ್ಪಿದ. ಅವನಿಗೆ ಕಣ್ಣು ಮುಚ್ಚಿ ಸುಮ್ಮನೆ ಕೂರುವುದು ಮನೆಯಲ್ಲೇ ಅಭ್ಯಾಸವಿದೆಯಂತೆ.

ಕಷ್ಟದ್ದು ಉಳಿದದ್ದು ಶಿಡ್ಲಘಟ್ಟದಲ್ಲಿ. ಸೋಮವಾರ ಶಾಲೆ ಬಿಟ್ಟವಳೇ ಬಸ್ಸು ಹತ್ತಿ ನಸ್ರೀನಳ ಶೆಡ್ಡಿಗೆ ಹೋದೆ. ಬಿಸಿನೀರಿನ ತೊಟ್ಟಿಯ ಮುಂದೆ ಅವಳು ನಿಂತಿದ್ದಳು. ಬೆಂದ ಗೂಡಿನ ವಾಸನೆ, ಹಬೆ, ಚರಕದ ಗಡಗಡ. ಮಾತಾಡುತ್ತಲೇ ಅವಳ ಬೆರಳು ನೀರೊಳಗಿಂದ ಕಣ್ಣಿಗೆ ಕಾಣದ ಎಳೆಯೊಂದನ್ನು ಹಿಡಿದು ಮೇಲೆ ಎಳೆಯುತ್ತಿತ್ತು. ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ತಪ್ಪಾಯಿತು ಎಂದೂ ಹೇಳಿದೆ. ಚರಕದ ಸದ್ದಿಗೆ ಎರಡು ಸಲ ಕಿರುಚಿ ಹೇಳಬೇಕಾಯಿತು, ಅಲ್ಲಿದ್ದ ಹೆಂಗಸರ ಮುಂದೆ ಮರ್ಯಾದೆಯೂ ಹೋಯಿತು.

“ಆ ರಟ್ಟು ಇರಬಾರ್ದು” ಅಂದಳು ನಸ್ರೀನ್. “ದಾಳ ಎಲ್ಲರ ಕಣ್ಣೆದುರಿಗೇ ಬೀಳ್ಬೇಕು. ಸತ್ರೆ ಸತ್ಲು ಅನ್ಬೇಕು. ಒಂದೇ ಒಂದು ಭಾನುವಾರ ಬರ್ತೀನಿ. ಆಮೇಲಿಂದು ಆಮೇಲೆ.”

ಆ ಒಂದು ಭಾನುವಾರಕ್ಕೆ ನಾನು ಮದುವೆ ಮನೆಗೆ ಮಾಡುವಷ್ಟು ತಯಾರಿ ಮಾಡಿದೆ. ರಟ್ಟನ್ನು ಹರಿದು ಒಲೆಗೆ ಹಾಕಿದೆ. ಕಥೆ ಹೀಗಿತ್ತು. ಬೆಟ್ಟದ ಗುಹೆಯಲ್ಲಿ ಆನೆ ಗಾತ್ರದ ಒಂದು ಹುಳ. ಅದು ಗಜಸಿಂಹನನ್ನೂ ಜ್ವಾಲಾನಂದನನ್ನೂ ಮಲಗಿದ್ದ ಹಾಗೇ ಎಳೆ ಸುತ್ತಿ ಎರಡು ದೊಡ್ಡ ಗೂಡು ಮಾಡಿಬಿಟ್ಟಿದೆ. ಹುಳ ಪಕ್ಕದಲ್ಲೇ ನಿದ್ದೆ ಹೋಗಿದೆ. ಎಚ್ಚರವಿರುವವಳು ಎರಡನೇ ಮೆಟ್ಟಿಲಿನ ಮಿಂಚುಳ್ಳಿ ಒಬ್ಬಳೇ. ಅವಳು ಸೋತರೆ ಹುಳ ಎದ್ದು ಮೊದಲು ತಿನ್ನುವುದು ಹತ್ತಿರದ ಗೂಡನ್ನು. ಹತ್ತಿರದ ಗೂಡು ಗಜಸಿಂಹನದು. ಶ್ರೀನಾಥನ ಮುಖ ನೋಡಲಾರದೆ ಹೇಳಿದೆ.

ಅವಳು ಚೂರಿ ತೆಗೆದು ಗೂಡು ಸೀಳುತ್ತಾಳೆ, ಹುಳ ಎಚ್ಚರಗೊಳ್ಳುತ್ತದೆ, ಆಮೇಲೆ ಓಟ, ಬೇಟೆ ಎಂದೆಲ್ಲ ನಾನು ಲೆಕ್ಕ ಹಾಕಿದ್ದೆ. ನಸ್ರೀನ್ ಚೂರಿ ತೆಗೆಯಲಿಲ್ಲ. “ಗೂಡು ಗಟ್ಟಿಗಿದೆಯಾ, ಮೆತ್ತಗಿದೆಯಾ?” ಎಂದು ಕೇಳಿದಳು.

“ಗಟ್ಟಿ.”

“ಗೋಡೆ ಪಕ್ಕ ಬಿಸಿನೀರಿನ ಊಟೆ ಇದೆ ಅಂದ್ಯಲ್ಲ?”

ಅದನ್ನು ನಾನು ಅಂದಕ್ಕೆಂದು ಇಟ್ಟಿದ್ದೆ. ಇದೆ ಅಂದೆ.

“ಹಂಗಾದ್ರೆ ಎರಡೂ ಗೂಡು ನೀರಿಗೆ ಉರುಳಿಸ್ತೀನಿ. ಹುಲ್ಲು ಕಿತ್ತು ಪೊರಕೆ ಮಾಡಿ ತಿಕ್ಕಿ, ಎಳೆ ತುದಿ ಹುಡುಕ್ತೀನಿ. ಬಿಚ್ಕೊಂಡು ಹೋಗ್ತೀನಿ.”

“ಅಬ್ಜೆಕ್ಷನ್!” ಗೌತಮ್ ಚಕ್ಕುಲಿ ಬಿಟ್ಟು ಎದ್ದ. “ಒಳಗೆ ನಾವಿದೀವಿ ಮೇಡಂ! ಶೆಡ್ಡಲ್ಲಿ ಹುಳ ಏನಾಗುತ್ತೆ ಅಂತ ನಂಗೊತ್ತು!”

“ನಿದ್ದೆಯಲ್ಲಿರೋರು ಮಾತಾಡಂಗಿಲ್ಲ” ಅಂದಳು ನಸ್ರೀನ್. “ಕುದಿಸಲ್ಲ ಬಿಡಿ. ಸ್ನಾನದ ಬಿಸಿ ಸಾಕು.”

ನಾನು ಹೀಗೆ ನಕ್ಕು ಬಹಳ ದಿನವಾಗಿತ್ತು. ನನ್ನ ಗ್ರಾಫಿನಲ್ಲಿ ಎಳೆ ಬಿಚ್ಚುವ ಶಕ್ತಿಗೆ ಅಂಕಣವೇ ಇರಲಿಲ್ಲ. ತುದಿ ಹುಡುಕಲು ಹನ್ನೆರಡಾದರೂ ಬೀಳಬೇಕು ಎಂದೆ. ಹದಿನಾಲ್ಕು ಬಿತ್ತು. ಶ್ರೀನಾಥ ಮಾತಾಡುವಂತಿಲ್ಲದ್ದರಿಂದ ತೊಡೆ ತಟ್ಟಿಕೊಂಡ. ಇನ್ನು ಎಳೆ ಹರಿಯದ ಹಾಗೆ ಬಿಚ್ಚಬೇಕು, ಮತ್ತೆ ಹನ್ನೆರಡು. ನಸ್ರೀನ್ ದಾಳವನ್ನು ಎರಡು ಅಂಗೈ ನಡುವೆ ಉಜ್ಜಿ ಬಿಟ್ಟಳು. ಅದು ಚಕ್ಕುಲಿ ತಟ್ಟೆಗೆ ಬಡಿದು, ಹಾರಿ, ನೆಲಕ್ಕೆ ಬಿದ್ದು, ಉರುಳುತ್ತಾ ಬೀರುವಿನ ಅಡಿಗೆ ಹೋಯಿತು.

ಬೀರುವಿನ ಪಕ್ಕ ಕೂತವನು ಶ್ರೀನಾಥ. ಅವನು ನೆಲದ ಮೇಲೆ ಬೋರಲು ಮಲಗಿ ಮೊಬೈಲಿನ ಬೆಳಕು ಬಿಟ್ಟು ನೋಡಿದ. ದಾಳ ಅವನೊಬ್ಬನಿಗೇ ಕಾಣುತ್ತಿತ್ತು. ಅವನು ಹದಿನೈದು ಎಂದಿದ್ದರೆ ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ಅವನು ಎರಡು ವರ್ಷ ಸಾಕಿದ ಗಜಸಿಂಹ ಉಳಿಯುತ್ತಿದ್ದ.

“ಆರು” ಅಂದ.

“ಸರಿಯಾಗಿ ನೋಡ್ರೀ” ಅಂದ ಗೌತಮ್.

“ಆರೇ. ಬೇಕಾದ್ರೆ ಬಂದು ನೋಡಿ.”

ನಸ್ರೀನ್ ಹೋಗಿ ಅವನ ಪಕ್ಕದಲ್ಲಿ ಮಂಡಿಯೂರಿ, ಕೆನ್ನೆ ನೆಲಕ್ಕಿಟ್ಟು ನೋಡಿದಳು. ಆರೇ. ಅವಳು ನೋಡಿದ್ದು ದಾಳವನ್ನು ಸ್ವಲ್ಪ ಹೊತ್ತು, ತಲೆಗೂದಲ ತುಂಬ ಜೇಡರ ಬಲೆ ಮೆತ್ತಿಕೊಂಡಿದ್ದ ಶ್ರೀನಾಥನನ್ನು ಅದಕ್ಕಿಂತ ಹೆಚ್ಚು ಹೊತ್ತು. ಆಮೇಲೆ ಅಲ್ಲಿಯೇ ನೆಲದ ಮೇಲೆ ಕೂತು ನಗತೊಡಗಿದಳು. ತಿಂಗಳುಗಳಿಂದ ನಮ್ಮ ಮನೆಯಲ್ಲಿ ಕೇಳಿರದ ನಗು.

ನಾನು ಕಥೆ ನಿಲ್ಲಿಸುವಂತಿರಲಿಲ್ಲ. “ಎಳೆ ಹರೀತು. ಹುಳ ಎದ್ದಿದೆ, ಆದ್ರೆ ಅದಿನ್ನೂ ಯಾರನ್ನೂ ನೋಡಿಲ್ಲ. ಗುಹೆ ಬಾಗಿಲು ತೆರೆದೇ ಇದೆ. ಈಗ ಓಡಿದ್ರೆ ಮಿಂಚುಳ್ಳಿ ಒಬ್ಳು ಉಳೀತಾಳೆ” ಅಂದೆ. ಇದು ಸುಳ್ಳಲ್ಲ, ಆಟದ ನಿಯಮ. ಓಡಲಿ ಎಂದು ನನ್ನ ಮನಸ್ಸಿನ ಅರ್ಧ ಬೇಡುತ್ತಿತ್ತು.

“ಗೂಡುಗಳ ಮಧ್ಯೆ ನೆರಳಿದೆಯಾ?”

“ಇದೆ.”

“ಅಲ್ಲೇ ಕೂತ್ಕೋತಾಳೆ. ನೀರಲ್ಲಿರೋ ಎರಡು ಗೂಡಿನ ಮೇಲೂ ಹುಳ ತಿಂದು ಬಿಟ್ಟಿರೋ ಸೊಪ್ಪು ಮುಚ್ಚಿ, ಉಸಿರು ಬಿಗಿಹಿಡ್ಕೊಂಡು.” ನೆರಳಲ್ಲಿ ಅಡಗುವುದು ಎರಡನೇ ಮೆಟ್ಟಿಲಿನವಳಿಗೆ ಗೊತ್ತಿರುವ ಒಂದೇ ವಿದ್ಯೆ. ಹತ್ತಾದರೂ ಬೀಳಬೇಕಿತ್ತು. ಈ ಸಲ ದಾಳವನ್ನು ಮೇಜಿನ ನಟ್ಟನಡುವೆ, ನಾಲ್ಕು ಜನರ ಮೂಗಿನ ಕೆಳಗೆ ಉರುಳಿಸಿದಳು.

ಹನ್ನೊಂದು.

ಗೌತಮ್ ನಿಯಮ ಮರೆತು ಕೂಗಿದ. ಶ್ರೀನಾಥ ಮಾತಾಡಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಕುಣಿದ. ಹೊರಗಿನಿಂದ ನಮ್ಮ ಮನೆಯವರು ಏನಾಯಿತೋ ಎಂದು ಪೇಪರ್ ಸಮೇತ ಓಡಿಬಂದರು. ಹುಳ ಸೊಪ್ಪನ್ನು ಮೂಸಿ ನೋಡಿ, ಸುತ್ತು ಹಾಕಿ, ತಿರುಗಿ ಮಲಗಿತು. ಗಡಿಯಾರ ಎರಡು ಹೊಡೆಯಿತು.

ಯಾರೂ ಗೆದ್ದಿರಲಿಲ್ಲ. ಇಬ್ಬರು ವೀರರು ಗೂಡಿನೊಳಗೇ ಇದ್ದರು, ಮಿಂಚುಳ್ಳಿ ಎರಡನೇ ಮೆಟ್ಟಿಲಲ್ಲೇ ಇದ್ದಳು. ಒಂದೇ ಭಾನುವಾರ ಎಂದು ಹೇಳಿ ಬಂದವಳು ಕಡಲೆಕಾಯಿ ಪೊಟ್ಟಣ ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. ನಾನು ಗೇಟಿನ ತನಕ ಹೋದೆ. ಮತ್ತೆ ಬರ್ತೀಯಾ ಎಂದು ಕೇಳುವ ಬದಲು ಗೇಟು ಹಿಡಿದು ಅವಳನ್ನೇ ನೋಡುತ್ತಾ ನಿಂತೆ. ಅವಳು ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಾ, ತಲೆ ಎತ್ತದೆ ಹೇಳಿದಳು.

“ಹಂಗ್ಯಾಕೆ ನೋಡ್ತಿದೀಯ? ಪಾಪ, ಇವರಿಬ್ಬರನ್ನ ಹುಳದ ಬಾಯಿ ಹತ್ರ ಬಿಟ್ಟು ಭಾನುವಾರ ನಾನು ಮನೇಲಿ ಹೆಂಗೆ ಕೂತ್ಕೊಳ್ಳೋದು?”